ಟರ್ಬೊ ಡೀಸೆಲ್ಲೂ ದೂರದ ನೆಂಟರೂ

ಲೋಕದಲ್ಲಿ ಎಲ್ಲರೂ ಎಲ್ಲಿಗಾದರೂ ಹೋಗಬೇಕೆಂದು ಕಾರು ಕೊಳ್ಳುತ್ತಾರೆ. ನಕ್ಷೆಗಾರ ಮಾತ್ರ ಕಾರು ಕೊಂಡ ಮೇಲೆ ಎಲ್ಲಿಗೆ ಹೋಗಲಿ ಎಂದು ಹುಡುಕಲು ಕೂತ. ಹಾಗೆ ಹುಡುಕುತ್ತ ಹುಡುಕುತ್ತ ಅವನು ನೆಂಟರಿಷ್ಟರ ಬಾಯಲ್ಲಿ ಯಮನ ಡ್ರೈವರ್ ಆದದ್ದು ಹೇಗೆಂದು ಕೇಳಿದರೆ ನಗು ಬರಬಹುದು. ಬಂದರೆ ನಗಿ. ಅವನಿಗಂತೂ ಬರಲಿಲ್ಲ.

ಪಟ್ಟಣದ ನಕ್ಷೆ ಕಚೇರಿಯಲ್ಲಿ ಅವನ ಕೆಲಸ. ನೆಲಮಹಡಿಯ ಬಿಸಿಲು ಕಾಣದ ಕೋಣೆ. ಗೋಡೆಗೆ ತೇವ, ತಲೆಯ ಮೇಲೆ ಸದಾ ಗುಂಯ್ ಎನ್ನುವ ಟ್ಯೂಬ್‌ಲೈಟು. ದಿನವಿಡೀ ಬೇರೆಯವರು ಓಡಾಡುವ ರಸ್ತೆಗಳನ್ನು ಎಳೆಯುವುದು, ಮೇಲಿನವರು ಬೇಡವೆಂದರೆ ಅಳಿಸುವುದು. ಮನೆಯೋ ಕಚೇರಿಯಿಂದ ಕೂಗಳತೆ. ಹೆಂಡತಿ ಒಲೆಯ ಮೇಲೆ ಹಾಲಿಟ್ಟು ಅವನನ್ನು ಕಳಿಸಿದರೆ, ಹಾಲು ಉಕ್ಕುವುದರೊಳಗೆ ಅವನು ಕುರ್ಚಿಯಲ್ಲಿರುತ್ತಿದ್ದ. ಇಂಥವನಿಗೆ ಕಾರು ಯಾಕೆ ಎಂದರೆ ಉತ್ತರ ಒಂದೇ: ಅವನಿಗೊಬ್ಬ ಷಡ್ಡಕನಿದ್ದ.

ಷಡ್ಡಕ, ಅಂದರೆ ನಾದಿನಿಯ ಗಂಡ, ನೆಲಕ್ಕೆ ಹಾಸುವ ಟೈಲ್ಸ್ ವ್ಯಾಪಾರಿ. ಅವನ ಮಾತೂ ಸರಕಿನಂತೆಯೇ ನುಣುಪು. ಕಾಲಿಟ್ಟವರು ಜಾರಿ ಬೀಳುತ್ತಿದ್ದರು. ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದ ಒಂದು ಮಧ್ಯಾಹ್ನ ಅವನು ಹೊಸ ಕಾರಿನಿಂದ ಇಳಿದು, ಬಸ್‌ಸ್ಟಾಪಿನಿಂದ ಬೆವರೊರೆಸಿಕೊಳ್ಳುತ್ತ ಬರುತ್ತಿದ್ದ ನಕ್ಷೆಗಾರನನ್ನು ನೋಡಿ, "ಏನ್ ಭಾವ, ನಡ್ಕೊಂಡೇ ಬಂದ್ರಾ? ಒಳ್ಳೇದು ಬಿಡಿ. ನಮಗೆಲ್ಲ ಅಷ್ಟು ಪುರುಸೊತ್ತೆಲ್ಲಿ?" ಎಂದ. ಎಲ್ಲರೂ ನಕ್ಕರು. ನಕ್ಷೆಗಾರನ ಹೆಂಡತಿಯೂ ನಕ್ಕು, ಆಮೇಲೆ ನೆನಪಾಗಿ ನಿಲ್ಲಿಸಿದಳು. ನಿಲ್ಲಿಸಿದ್ದೇ ಅವನಿಗೆ ಹೆಚ್ಚು ಚುಚ್ಚಿತು.

ಸ್ವಲ್ಪ ದಿನದಲ್ಲೇ ಅವನ ಮನೆಯ ಮುಂದೆ ಒಂದು ಕಪ್ಪು ಕಾರು ಬಂದು ನಿಂತಿತು. ಹಳೆಯದೇ, ಆದರೆ ಅಂತಿಂಥದ್ದಲ್ಲ, ಟ್ಯೂನ್ ಮಾಡಿಸಿದ ಟರ್ಬೊ ಡೀಸೆಲ್. ಅದನ್ನು ಟ್ಯೂನ್ ಮಾಡಿದವನು ಊರ ಹೊರಗಿನ ತಗಡಿನ ಶೆಡ್ಡಿನಲ್ಲಿದ್ದ. ಲ್ಯಾಪ್‌ಟಾಪಿನ ವೈರನ್ನು ಕಾರಿನ ಹೊಟ್ಟೆಗೆ ಚುಚ್ಚಿ, ಡಾಕ್ಟರು ಎದೆಬಡಿತ ಕೇಳುವ ಗತ್ತಿನಲ್ಲಿ ಕಣ್ಣು ಮುಚ್ಚಿ ಮಾತಾಡುವವನು.

"ಸರ್, ಇದು ಕಾರಲ್ಲ, ಹುಲಿ. ಸಾಕೋ ಕ್ರಮ ಗೊತ್ತಿರ್ಬೇಕು. ತಣ್ಣಗಿದ್ದಾಗ ಜೋರಾಗಿ ಒತ್ತಬಾರದು, ಒಂದಷ್ಟು ಹೊತ್ತು ಸುಮ್ನೆ ಕೂತು ಬಿಸಿ ಮಾಡ್ಬೇಕು. ದೂರ ಓಡಿಸಿ ಬಂದ ತಕ್ಷಣ ಆಫ್ ಮಾಡಬಾರದು, ಟರ್ಬೊ ಕೆಂಡ ಆಗಿರುತ್ತೆ. ಒಳಗೇ ಕೂತು ತಣ್ಣಗಾಗೋಕೆ ಬಿಡಿ. ಆಮೇಲೆ ಮುಖ್ಯವಾದ ಮಾತು." ಅವನು ಕಣ್ಣು ತೆರೆದ. "ಹೊಗೆ ಪೈಪಿನಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ. ವಾರಕ್ಕೊಂದು ಸಲ ಹೆದ್ದಾರೀಲಿ ಉದ್ದಕ್ಕೆ, ಜೋರಾಗಿ ಓಡಿಸಿದ್ರೆ ಆ ಮಸಿ ತಾನೇ ಸುಟ್ಟು ಹೋಗುತ್ತೆ. ಇಲ್ಲಾಂದ್ರೆ ಗಂಟಲು ಕಟ್ಕೊಂಡು ಸಾಯುತ್ತೆ."

"ಹೆದ್ದಾರಿಯೇ ಆಗ್ಬೇಕಾ?"

"ಹುಲೀನ ಹಜಾರದಲ್ಲಿ ಕಟ್ಟಿ ಹಾಕ್ತೀರಾ?"

ನಕ್ಷೆಗಾರ ತಲೆಯಾಡಿಸಿದ. ಮರುದಿನದಿಂದ ಹುಲಿಯ ಮೇಲೆ ಕೂತು ಕಚೇರಿಗೆ ಹೋದ. ಇಂಜಿನ್ ಬಿಸಿಯಾಗಲು ಮನೆಯ ಮುಂದೆ ಕೂರಬೇಕು, ಟರ್ಬೊ ತಣ್ಣಗಾಗಲು ಕಚೇರಿಯ ಮುಂದೆ ಕೂರಬೇಕು. ನಡುವಿನ ಪ್ರಯಾಣ ಒಂದು ಸೀನು ಬಂದು ಹೋಗುವಷ್ಟು. ಹೀಗೆ ಕೂತು ಕೂತು ಅವನು ಮೊದಲ ಬಾರಿಗೆ ಕಚೇರಿಗೆ ತಡವಾಗಿ ಬರತೊಡಗಿದ. ಮೇಲಧಿಕಾರಿ ಕೇಳಿದರೆ "ಕಾರಿನಲ್ಲಿ ಬಂದೆ ಸರ್, ಅದಕ್ಕೇ ತಡವಾಯ್ತು" ಎನ್ನುತ್ತಿದ್ದ.

ಮೋಡ ಮುಸುಕಿದ ಒಂದು ಬೆಳಿಗ್ಗೆ ಸ್ಟಿಯರಿಂಗಿನ ಹಿಂದೆ ಕಿತ್ತಳೆ ದೀಪ ಹತ್ತಿತು. ಹುಲಿ ಕೆಮ್ಮಿತು, ನರಳಿತು, ಸೈಕಲ್ಲುಗಳೂ ಅದನ್ನು ಹಿಂದೆ ಹಾಕಿದವು. ಶೆಡ್ಡಿಗೆ ಒಯ್ದಾಗ ಟ್ಯೂನರ್ ಲ್ಯಾಪ್‌ಟಾಪು ನೋಡಿ ಮುಖ ಗಂಟಿಕ್ಕಿದ.

"ದಿನಾ ಎಷ್ಟು ದೂರ ಓಡಿಸ್ತೀರ?"

ನಕ್ಷೆಗಾರ ಬಾಗಿಲಿಗೆ ಬಂದು ಕೈ ತೋರಿಸಿದ. "ಅಲ್ಲಿ ನೀರಿನ ಟ್ಯಾಂಕು ಕಾಣುತ್ತಲ್ಲ, ಅದರ ಈ ಕಡೆ ಮನೆ, ಆ ಕಡೆ ಆಫೀಸು."

ಟ್ಯೂನರ್ ಬಹಳ ಹೊತ್ತು ನೀರಿನ ಟ್ಯಾಂಕನ್ನೇ ನೋಡಿದ. "ಸರ್," ಎಂದ ಕೊನೆಗೆ, "ದೂರದಲ್ಲಿ ನಿಮಗೆ ಯಾರೂ ಇಲ್ವಾ?"

ಆ ಪ್ರಶ್ನೆ ನಕ್ಷೆಗಾರನ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು. ಮನೆಗೆ ಬಂದು ಹೆಂಡತಿಗೆ, "ಭಾನುವಾರ ಹೆದ್ದಾರೀಲಿ ಒಂದು ಸುತ್ತು ಹೋಗಿ ಬರ್ತೀನಿ" ಎಂದ.

"ಯಾಕೆ?"

"ಸುಮ್ನೆ."

"ಸುಮ್ನೆ ಹೋಗಿ ಸುಮ್ನೆ ಬರೋಕೆ ಡೀಸೆಲ್ ಏನ್ರಿ ಬಾವಿ ನೀರಾ? ಹೋದ ಪುಟ್ಟ ಬಂದ ಪುಟ್ಟ ಅನ್ನೋ ಹಾಗೆ! ಏನಾದ್ರೂ ಕಾರಣ ಇದ್ರೆ ಹೋಗಿ, ನಾನು ಬೇಡ ಅನ್ನಲ್ಲ."

ಕಾರಣ ತಾನಾಗಿಯೇ ಬಂತು. ಹೆಂಡತಿಯ ದೊಡ್ಡಮ್ಮನ ಗಂಡ ದೂರದ ಬಂದರು ಪಟ್ಟಣವೊಂದರಲ್ಲಿ ತೀರಿಕೊಂಡರೆಂದು ಫೋನು. ಮೊದಲಾಗಿದ್ದರೆ ಇಬ್ಬರೂ ಫೋನಿನಲ್ಲೇ ಚುಚ್ ಚುಚ್ ಎಂದು ಮುಗಿಸುತ್ತಿದ್ದರು. ಈ ಸಲ ನಕ್ಷೆಗಾರ ಫೋನು ಇಡುವ ಮೊದಲೇ ಷೂ ಹಾಕಿಕೊಳ್ಳುತ್ತಿದ್ದ.

ಆ ದಿನ ಹುಲಿ ಹುಲಿಯಾಯಿತು. ಹೆದ್ದಾರಿ ಬೂದು ಬಣ್ಣದ ಪಟ್ಟಿಯಂತೆ ಮುಂದೆ ಬಿದ್ದಿತ್ತು. ಕಾಲು ಒತ್ತಿದರೆ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಯಾರೋ ಹಿಂದಿನಿಂದ ದೂಡಿದಂತೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ದಾರಿಯ ನಡುವೆ ಕಿತ್ತಳೆ ದೀಪ ಆರಿತು. ನಕ್ಷೆಗಾರ ಒಬ್ಬನೇ ಗಟ್ಟಿಯಾಗಿ ನಕ್ಕ. ಸಾವಿನ ಮನೆಯ ಮುಂದೆ ನಿಲ್ಲಿಸುವಾಗಲೂ ಆ ನಗು ಮುಖದಿಂದ ಇಳಿದಿರಲಿಲ್ಲ. ಅದನ್ನು ಮುಚ್ಚಲು, ಹೇಗೂ ಟರ್ಬೊ ತಣ್ಣಗಾಗಬೇಕಲ್ಲ ಎಂದು, ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟ.

ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದವರು ಇದನ್ನು ನೋಡಿದರು.

"ಯಾರದು?"

"ನಮ್ಮ ತಂಗಿ ಮಗಳ ಗಂಡ. ನಕ್ಷೆ ಆಫೀಸಿನವರು."

"ಪಾಪ! ಇಳಿಯೋಕೂ ಆಗ್ತಿಲ್ಲ ನೋಡಿ. ಭುಜ ನಡುಗ್ತಿದೆ."

ಭುಜ ನಡುಗುತ್ತಿದ್ದದ್ದು ಡೀಸೆಲ್ ಇಂಜಿನ್ನಿಗೆ. ಆದರೆ ಸತ್ತವರ ಸ್ವಂತ ಮಕ್ಕಳೇ ಅಷ್ಟು ಹೊತ್ತು ಅತ್ತಿರಲಿಲ್ಲವಾಗಿ, ಅವರು ನಾಚಿಕೊಂಡು ಒಳಗೆ ಹೋಗಿ ಇನ್ನೊಮ್ಮೆ ಅತ್ತರು. ಹೊರಡುವಾಗಲೂ ಹಾಗೆಯೇ: ಇಂಜಿನ್ ಬಿಸಿಯಾಗುವ ತನಕ ಅವನು ಗೇಟಿನೆದುರು ಕದಲದೆ ಕೂತ. "ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ ಆ ಮನುಷ್ಯನಿಗೆ" ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡರು. ಆ ಮಾತು ಅವನಿಗಿಂತ ಮೊದಲೇ ಊರು ಸೇರಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, ಮದುವೆಯಾದ ಮೇಲೆ ಮೊದಲ ಬಾರಿಗೆ ಎಂಬಂತೆ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು.

ಅಲ್ಲಿಂದ ಅವನಿಗೆ ದಾರಿ ಸಿಕ್ಕಿತು. ಬೆಳಿಗ್ಗೆ ಪತ್ರಿಕೆ ಬಂದರೆ ಮೊದಲು ನಿಧನ ವಾರ್ತೆಯ ಪುಟ. ನೆಂಟಸ್ತಿಕೆಗಿಂತ ಮುಂಚೆ ಊರು ನೋಡುತ್ತಿದ್ದ, ಊರಿಗಿಂತ ಮುಂಚೆ ರಸ್ತೆ. ಹೆದ್ದಾರಿಯ ಬದಿಯಲ್ಲಿ ಸತ್ತವರು ಎಷ್ಟು ದೂರದ ಸಂಬಂಧವಾದರೂ ಸ್ವಂತದವರೇ. ಗುಂಡಿ ಬಿದ್ದ ರಸ್ತೆಯಲ್ಲಿ ಸತ್ತವರು ಎಷ್ಟು ಸ್ವಂತದವರಾದರೂ ದೂರವೇ. ಹೋದಲ್ಲೆಲ್ಲ ಕುರ್ಚಿ, ಗೌರವ, ಸಕ್ಕರೆ ಕಡಿಮೆಯ ಟೀ. ಕತ್ತಲೆಗಟ್ಟಿದ ಹಜಾರಗಳಲ್ಲಿ, ಬಾಗಿಲ ಬಳಿ ರಾಶಿ ಬಿದ್ದ ಒದ್ದೆ ಚಪ್ಪಲಿಗಳ ವಾಸನೆಯಲ್ಲಿ, ಗುರುತಿಲ್ಲದವರ ಫೋಟೊ ಮುಂದೆ ಅವನು ಕೂತು ಎದ್ದು ಬರುತ್ತಿದ್ದ.

ಒಮ್ಮೆ ಹೆದ್ದಾರಿಯಲ್ಲಿ ಗಸ್ತಿನ ಇನ್ಸ್‌ಪೆಕ್ಟರ್ ಕೈ ಅಡ್ಡ ಹಾಕಿದರು.

"ಇಷ್ಟು ಜೋರಾಗಿ ಎಲ್ಲಿಗೆ?"

"ಸಾವಿನ ಮನೆಗೆ ಸರ್."

ಇನ್ಸ್‌ಪೆಕ್ಟರ ದನಿ ಮೆತ್ತಗಾಯಿತು. "ಯಾರು ಹೋಗಿದ್ದು?"

ನಕ್ಷೆಗಾರ ನೆನಪು ಮಾಡಿಕೊಂಡ. ಬರಲಿಲ್ಲ. "ಗಂಡಸೋ ಹೆಂಗಸೋ ಮರೆತು ಹೋಯ್ತು ಸರ್. ಹೋದ್ರೆ ಫೋಟೊ ಇಟ್ಟಿರ್ತಾರೆ."

ಇನ್ಸ್‌ಪೆಕ್ಟರು ಅವನ ಕೆಂಪು ಕಣ್ಣು ನೋಡಿದರು, ಪಕ್ಕದ ಪೇದೆಯನ್ನು ನೋಡಿದರು. "ದುಃಖದಲ್ಲಿ ತಲೆ ಕೆಟ್ಟಿದೆ ಕಣಯ್ಯ. ಒಬ್ಬರೇ ಹೋಗೋದು ಬೇಡ, ನಾವು ಮುಂದೆ ಹೋಗೋಣ" ಎಂದು ಜೀಪು ಹತ್ತಿದರು. ಆ ಜೀಪಿನ ಹಿಂದೆ ಹುಲಿ ಎಮ್ಮೆಯಂತೆ ನಡೆಯಬೇಕಾಯಿತು; ಕಿತ್ತಳೆ ದೀಪ ಮತ್ತೆ ಹತ್ತಿತು. ಸೈರನ್ನಿನ ಸಮೇತ ಅವರು ಸಾವಿನ ಮನೆ ಮುಟ್ಟಿದಾಗ ಸತ್ತವರ ಹಿರಿಯ ಮಗ ಹಿತ್ತಲ ಗೋಡೆ ಹಾರಿ ಓಡಿಹೋದ. ಅವನು ಯಾಕೆ ಓಡಿದ ಎಂಬುದು ಇಂದಿಗೂ ಆ ಮನೆಯಲ್ಲಿ ಚರ್ಚೆಯ ವಿಷಯ. ನಕ್ಷೆಗಾರ ಮಾತ್ರ ಟರ್ಬೊ ತಣ್ಣಗಾಗಲೆಂದು ಹಣೆ ಹಚ್ಚಿ ಕೂತಿದ್ದ.

ಈ ನಡುವೆ ಅವನಿಗೆ ಪ್ರತಿ ಭಾನುವಾರ ಬೇರೊಂದು ಫೋನು ಬರುತ್ತಿತ್ತು. ಅವನ ಅಕ್ಕ. ತಾಯಿ ಬೇಗ ಹೋದ ಮೇಲೆ ಅವನನ್ನು ಸಾಕಿದವಳು. ಚಿಕ್ಕಂದಿನಲ್ಲಿ ಅವನು ಕತ್ತಲಿಗೆ ಹೆದರಿದರೆ, ಅಕ್ಕ ಎದ್ದು ಕೂತು ಕತ್ತಲಿಗೇ ಬೈದು ಅವನನ್ನು ಮಲಗಿಸುತ್ತಿದ್ದಳು. ಈಗ ಕಲ್ಲುಗಣಿಯ ಪಕ್ಕದ ಒಂದು ಸಣ್ಣ ಊರಿನಲ್ಲಿ ಮಗನ ಜೊತೆಗಿದ್ದಳು.

"ಏನೋ, ಕಾರು ತಗೊಂಡಿದೀಯಂತೆ. ತೋರಿಸೋಕೆ ಬರಲ್ವಾ?"

"ಬರ್ತೀನಿ ಅಕ್ಕ. ನಿಮ್ಮೂರ ರಸ್ತೆ ಸರಿ ಆಗ್ಲಿ."

ಗಣಿಯ ಲಾರಿಗಳು ಆ ರಸ್ತೆಯನ್ನು ಅಗೆದು ಹಾಕಿದ್ದವು. ಟ್ಯೂನರನ್ನು ಕೇಳಿದ್ದಕ್ಕೆ, "ಆ ರಸ್ತೆಗೆ ಇಳಿಸಿದ್ರೆ ಮತ್ತೆ ನನ್ನ ಹತ್ರ ಬರಬೇಡಿ" ಎಂದಿದ್ದ.

"ಸರಿ ಆಗುತ್ತಂತೆ ಬಿಡು, ಮುಂದಿನ ವರ್ಷ" ಎಂದು ಅಕ್ಕ ಫೋನು ಇಡುತ್ತಿದ್ದಳು.

ಚಳಿಗಾಲದ ಆರಂಭದಲ್ಲಿ ಒಂದು ವಿಚಿತ್ರ ಸಂಕಟ ಬಂತು: ಯಾರೂ ಸಾಯಲಿಲ್ಲ. ಒಂದು ವಾರ ಹೋಯಿತು, ಇನ್ನೊಂದೂ ಹೋಯಿತು. ಕಿತ್ತಳೆ ದೀಪ ಕೆಂಪಾಗುವ ಹೊತ್ತು. ನಕ್ಷೆಗಾರ ತಾಳಲಾರದೆ ಕಾಯಿಲೆಯಲ್ಲಿದ್ದವರಿಗೆ ಫೋನು ಮಾಡತೊಡಗಿದ.

"ದೊಡ್ಡಮ್ಮ ಹೇಗಿದಾರೆ?"

"ದೇವರ ದಯೆ, ನಿನ್ನೆಯಿಂದ ಎದ್ದು ಓಡಾಡ್ತಿದಾರೆ."

"ಓ..." ಎನ್ನುತ್ತಿದ್ದ. ಆ ಓಕಾರದಲ್ಲಿದ್ದ ನಿರಾಸೆಯನ್ನು ಆ ಕಡೆಯವರು ಬಹಳ ದಿನ ಮರೆಯಲಿಲ್ಲ.

ಸತ್ತವರು ಸಿಗದಿದ್ದರೆ ಸಾಯುವವರಾದರೂ ಆಗಲಿ ಎಂದು ಅವನು ರೋಗಿಗಳನ್ನು ನೋಡಲು ಹೊರಟ. ಮೊದಲು ಹೆಂಡತಿಯ ಸೋದರಮಾವ, ನಿವೃತ್ತ ಸ್ಟೇಷನ್ ಮಾಸ್ಟರ್. ಮಾವನಿಗೆ ಬರೀ ನೆಗಡಿ. ಚೆನ್ನಾಗಿ ಮಾತಾಡಿದರು, ರೈಲುಗಳನ್ನು ಬೈದರು, ಗೇಟಿನ ತನಕ ಬಂದು ಬೀಳ್ಕೊಟ್ಟರು. ಆ ವಾರದಲ್ಲೇ ಹೋಗಿಬಿಟ್ಟರು. ನಂತರ ನೋಡಲು ಹೋದದ್ದು ಮಂಡಿ ನೋವಿನ ಒಬ್ಬ ಸೋದರತ್ತೆಯನ್ನು. ಮಂಡಿ ನೋವಿಗೆ ಯಾರೂ ಸಾಯುವುದಿಲ್ಲ, ಸೋದರತ್ತೆ ಸತ್ತರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಆದರೆ ಕಾಗೆ ಕಪ್ಪಗಿದ್ದು, ಕೊಂಬೆಯ ಕೆಳಗೆ ಬಹಳ ಹೊತ್ತು ಗುರ್ ಎನ್ನುತ್ತ ನಿಂತಿದ್ದರೆ ಜನ ಏನೆಂದುಕೊಳ್ಳಬೇಕು?

"ಅವರ ಕಾರು ಬಂದು ನಿಂತ್ರೆ ಮುಗೀತು ಅಂತೆ."

"ಒಳಗೆ ಕೂತು ಏನೋ ಲೆಕ್ಕ ಹಾಕ್ತಾರಂತೆ, ಆಮೇಲೆ ಇಳೀತಾರಂತೆ."

"ಯಮಂದು ಕೋಣ, ಇವರದು ಡೀಸೆಲ್ ಅಷ್ಟೇ."

ಇದೆಲ್ಲ ನಕ್ಷೆಗಾರನ ಕಿವಿಗೆ ಬೀಳಲಿಲ್ಲ. ಅವನು ಮುಂದಿನ ಭಾನುವಾರ ಅಜೀರ್ಣದಿಂದ ಮಲಗಿದ್ದ ಚಿಕ್ಕಮ್ಮನ ಮನೆಗೆ ಹೋದ. ಕಿಟಕಿಯಲ್ಲಿ ಕಪ್ಪು ಕಾರು ಕಂಡಿದ್ದೇ ಚಿಕ್ಕಮ್ಮ ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟು, ಉದ್ದಕ್ಕೆ ಮಲಗಿ, ಸೊಸೆಯರನ್ನು ಕರೆದರು. ಓಲೆ ಒಬ್ಬಳಿಗೆ, ಬಳೆ ಒಬ್ಬಳಿಗೆ. ಹೊಲಿಗೆ ಯಂತ್ರ ತನಗೆ ತನಗೆ ಎಂದು ಸೊಸೆಯರಿಬ್ಬರೂ ಆಗಲೇ ಕಿತ್ತಾಡುತ್ತಿದ್ದಾಗ ನಕ್ಷೆಗಾರ ಒಳಗೆ ಬಂದ.

ಚಿಕ್ಕಮ್ಮ ಕೈ ಮುಗಿದರು. "ಈ ಚಳಿ ಕಳೆಯೋ ತನಕ ಬಿಡಪ್ಪ. ಮೊಮ್ಮಗಳಿಗೆ ಸ್ವೆಟರ್ ಹೆಣೀತಾ ಇದೀನಿ. ಒಂದು ತೋಳು ಬಾಕಿ ಇದೆ."

"ಅದಕ್ಕೇನು ಚಿಕ್ಕಮ್ಮ, ನಿಧಾನಕ್ಕೆ ಮುಗಿಸಿ."

"ನಿನ್ನ ಕೈಲಿ ಅಷ್ಟಾದ್ರೂ ಇದೆಯಲ್ಲಪ್ಪ!" ಎಂದು ಚಿಕ್ಕಮ್ಮ ಗೋಳೋ ಎಂದು ಅತ್ತರು. ನಕ್ಷೆಗಾರನಿಗೆ ತಲೆಬುಡ ತಿಳಿಯಲಿಲ್ಲ. ದೊಡ್ಡ ಸೊಸೆ ಅವನನ್ನು ಹೊರಗೆ ಕರೆದು, ಬಾಗಿಲು ಎಳೆದುಕೊಂಡು, ಊರು ಆಡುತ್ತಿದ್ದುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಬೇಜಾರು ಮಾಡ್ಕೋಬೇಡಿ" ಎಂದಳು. ಅವನು ಅಂಗಳದಲ್ಲಿ ನಿಂತ. ಎದುರು ಮನೆಯವರು ಮುದುಕ ತಂದೆಯ ಗಾಲಿಕುರ್ಚಿಯನ್ನು ಅವಸರವಾಗಿ ಒಳಗೆ ಎಳೆದುಕೊಳ್ಳುತ್ತಿದ್ದರು.

ಆ ವಾರ ಷಡ್ಡಕ ಮನೆಗೆ ಬಂದ. ಕೂರಲಿಲ್ಲ. "ಭಾವ, ನಮ್ಮ ತಂದೆ ಸ್ವಲ್ಪ ಕಾಲು ಉಳುಕಿಸಿಕೊಂಡಿದಾರೆ. ಹೇಳಿ ಹೋಗೋಣ ಅಂತ ಬಂದೆ."

"ಅಯ್ಯೋ, ನೋಡೋಕೆ ಬರ್ತೀನಿ..."

"ಅದಕ್ಕೇ ಹೇಳೋಕೆ ಬಂದಿದ್ದು. ಬರಬೇಡಿ. ನೀವು ಮನೇಲಿದ್ರೆ ಎಲ್ಲರಿಗೂ ಆರೋಗ್ಯ."

ಈ ಸಲ ಯಾರೂ ನಗಲಿಲ್ಲ. ಹೆಂಡತಿ ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಅಂಗಡಿಯಲ್ಲಿ, ಬೀದಿಯಲ್ಲಿ ಅವಳಿಗೂ ಜನ ದಾರಿ ಬಿಡತೊಡಗಿದ್ದರು, ಗೌರವಕ್ಕಲ್ಲ. ಕಾರು ಮನೆಯ ಮುಂದೆ ನಿಂತಲ್ಲೇ ನಿಂತಿತು, ಅದರ ಮೇಲೆ ಮರದ ಎಲೆ ಬಿದ್ದು ಕೊಳೆಯಿತು. ನಕ್ಷೆಗಾರ ಕಚೇರಿಗೆ ನಡೆದು ಹೋಗುತ್ತಿದ್ದ. ಕೆಮ್ಮುತ್ತಿದ್ದ ಸಹೋದ್ಯೋಗಿಯ ಕಡೆ ಅವನು ತಿರುಗಿದರೆ ಆ ಮನುಷ್ಯ ಉಸಿರು ಬಿಗಿಹಿಡಿದು ಕೆಮ್ಮು ನುಂಗುತ್ತಿದ್ದ.

ಅಕ್ಕನ ಭಾನುವಾರದ ಫೋನು ಬರಲಿಲ್ಲ. ಬದಲಿಗೆ ಅವಳ ಮಗನ ಫೋನು ಬಂತು.

"ಮಾವ, ಅಮ್ಮನಿಗೆ ಚೆನ್ನಾಗಿಲ್ಲ. ಇನ್ನು ಮಾಡೋಕೇನಿಲ್ಲ, ಮನೇಲೇ ನೋಡ್ಕೊಳ್ಳಿ ಅಂದ್ರು ಆಸ್ಪತ್ರೇಲಿ." ಅವನು ದನಿ ತಗ್ಗಿಸಿದ. "ನೀವು... ತಪ್ಪು ತಿಳೀಬೇಡಿ ಮಾವ. ಕಾರಲ್ಲಿ ಬರಬೇಡಿ. ಬೀದಿಯವರೆಲ್ಲ ಮಾತಾಡ್ಕೊತಿದಾರೆ. ಅಮ್ಮ ನೋಡಿದ್ರೆ ಹೆದರ್ತಾಳೆ."

"ಆಯ್ತಪ್ಪ" ಎಂದ ನಕ್ಷೆಗಾರ. ಫೋನು ಇಟ್ಟ ಮೇಲೂ ಇನ್ನೊಂದು ಸಲ "ಆಯ್ತು" ಎಂದ. ನೆಂಟರ ನೆಂಟರ ಸಾವಿಗೆಲ್ಲ ಓಡಿದವನು, ಅಕ್ಕ ಬದುಕಿದ್ದಾಗ ನೋಡಲು ರಸ್ತೆ ಸರಿಯಿಲ್ಲವೆಂದಿದ್ದ. ಅದನ್ನು ಹೆಂಡತಿಯ ಮುಂದೆ ಹೇಳಲು ಹೋದ. ಅವಳೇ ಅವನ ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿ, "ಅತ್ತಿಗೆಗೆ ನಾನು ಕೇಳಿದೆ ಅನ್ನಿ" ಎಂದಳು.

ಬಸ್ಸಿನಲ್ಲಿ ಹೋದ. ಗಣಿಯ ಧೂಳು ಊರಿನ ಛಾವಣಿಗಳ ಮೇಲೆ, ಎಲೆಗಳ ಮೇಲೆ, ನಾಯಿಗಳ ಬೆನ್ನ ಮೇಲೆ ಬಿಳಿಯಾಗಿ ಕೂತಿತ್ತು. ಅಕ್ಕ ಬೀದಿಯ ಕಡೆಯ ಕೋಣೆಯಲ್ಲಿ, ಕಿಟಕಿಗೆ ತಾಗಿಸಿದ ಮಂಚದ ಮೇಲಿದ್ದಳು. ಅವಳು ಇಷ್ಟು ಚಿಕ್ಕವಳಾಗಿರುತ್ತಾಳೆಂದು ಅವನು ಎಣಿಸಿರಲಿಲ್ಲ.

ಅವಳು ಅವನನ್ನು ನೋಡಲಿಲ್ಲ. ಅವನ ಹಿಂದಿನ ಬೀದಿಯನ್ನು ನೋಡಿದಳು.

"ಎಲ್ಲೋ ಕಾರು?"

"ಬಸ್ಸಲ್ಲಿ ಬಂದೆ ಅಕ್ಕ."

"ಬಸ್ಸಲ್ಲಾ? ಥೂ ನಿನ್ನ! ಅಕ್ಕಪಕ್ಕದವರಿಗೆಲ್ಲ ಹೇಳಿಟ್ಟಿದೀನಿ, ತಮ್ಮ ದೊಡ್ಡ ಕಾರಲ್ಲಿ ಬರ್ತಾನೆ ಅಂತ. ನನ್ನ ಮರ್ಯಾದೆ ಗತಿ ಏನು?"

ನಕ್ಷೆಗಾರ ಅವಳ ಮಗನ ಕಡೆ ನೋಡಿದ. ಮಗ ನೆಲ ನೋಡಿದ. "ಅಮ್ಮ, ಜನ ಏನೇನೋ..."

"ಗೊತ್ತು ಕಣೋ. ಪಕ್ಕದ ಮನೆಯವಳು ಬಂದು ಎಲ್ಲ ಹೇಳಿದಾಳೆ. ಅವನ ಕಾರು ಬಂದ್ರೆ ಸಾಯ್ತಾರಂತೆ. ಬರದೇ ಇದ್ರೆ ನಾನೇನು ನೂರು ವರ್ಷ ಗೂಟ ಹೊಡ್ಕೊಂಡು ಕೂರ್ತೀನಾ? ಹೇಗೂ ಹೋಗೋಳು, ಒಂದು ಸಲ ಕೂತಾದ್ರೂ ಹೋಗ್ತೀನಿ." ಇಷ್ಟು ಹೇಳುವಷ್ಟರಲ್ಲಿ ಅವಳ ಉಸಿರು ಸಿಕ್ಕಿಕೊಂಡಿತು. ಸರಿಯಾದ ಮೇಲೆ ತಮ್ಮನ ಕಡೆ ತಿರುಗಿ, "ನಾಳೆ ತಗೊಂಡು ಬಾ" ಎಂದು ಕಣ್ಣು ಮುಚ್ಚಿದಳು.

ನಕ್ಷೆಗಾರ ಅದೇ ಬಸ್ಸಿನಲ್ಲಿ ವಾಪಸು ಬಂದ. ಮರುದಿನ ಬೆಳಿಗ್ಗೆ ಕಾರಿನ ಮೇಲಿನ ಕೊಳೆತ ಎಲೆಗಳನ್ನು ಗುಡಿಸಿ, ನೀರು ಹಾಕಿ ತೊಳೆದ. ಟ್ಯೂನರ್ ಫೋನಿನಲ್ಲಿ, "ಆ ರಸ್ತೆಗೆ ಬೇಡ ಸರ್, ನಾನು ಜವಾಬ್ದಾರನಲ್ಲ" ಎಂದು ಕೂಗಾಡುತ್ತಿದ್ದ. "ನೀವಲ್ಲಪ್ಪ" ಎಂದು ನಕ್ಷೆಗಾರ ಫೋನು ಇಟ್ಟ.

ಗಣಿಯ ರಸ್ತೆಯಲ್ಲಿ ಕಾರು ಗುಂಡಿಯಿಂದ ಗುಂಡಿಗೆ ಇಳಿಯುತ್ತ ಹತ್ತುತ್ತ, ಲಾರಿಗಳ ಹಿಂದೆ ಕೆಮ್ಮುತ್ತ ಹೋಯಿತು. ಕಿತ್ತಳೆ ದೀಪದ ಪಕ್ಕದಲ್ಲಿ ಕೆಂಪು ದೀಪ ಹತ್ತಿತು. ಅಕ್ಕನ ಬೀದಿಗೆ ತಿರುಗಿದಾಗ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಇಟ್ಟಿಗೆ ಕೆಲಸದ ಮೇಸ್ತ್ರಿಯೊಬ್ಬ ಜಗುಲಿಯ ಮೇಲೆ ಕೂತಿದ್ದವನು ಎದ್ದು ಒಳಗೆ ಹೋಗಿ, ಕುತೂಹಲ ತಡೆಯಲಾರದೆ ಬಾಗಿಲ ಸಂದಿಯಲ್ಲಿ ಮೂಗು ಇಟ್ಟ.

ಅಕ್ಕ ತಲೆ ಬಾಚಿಸಿಕೊಂಡು ತಯಾರಾಗಿದ್ದಳು. ಮಗ ಅವಳನ್ನು ಎತ್ತಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿ, ಎರಡೂ ಕಡೆ ದಿಂಬು ತುರುಕಿದ. ಅವಳು ಕೈಯಿಂದ ಡ್ಯಾಶ್‌ಬೋರ್ಡನ್ನು ಒಮ್ಮೆ ಸವರಿದಳು.

"ಈ ದೀಪ ಯಾಕೋ ಹತ್ತಿದೆ?"

"ಅದು... ಅಲಂಕಾರಕ್ಕೆ ಅಕ್ಕ."

"ಚೆನ್ನಾಗಿದೆ. ಕಿಟಕಿ ಇಳಿಸು, ಜನ ನೋಡ್ಲಿ."

ಬೀದಿಯಲ್ಲಿ ನೋಡಲು ಜನವೇ ಇರಲಿಲ್ಲ. ಅಕ್ಕ ಮುಚ್ಚಿದ ಬಾಗಿಲುಗಳಿಗೇ ತಲೆಯಾಡಿಸುತ್ತ ಹೋದಳು. ಊರು ಮುಗಿದ ಮೇಲೆ ಗಣಿಗೆ ಹೋಗುವ ಏರು. ಅಷ್ಟು ದೂರ ಮಾತ್ರ ಯಾಕೋ ಹೊಸದಾಗಿ ಡಾಂಬರು ಹಾಕಿದ್ದರು.

"ಇದರ ವಿಶೇಷ ಏನೋ? ಎಲ್ಲ ಕಾರೂ ಹೀಗೇ ಹೋಗುತ್ತಲ್ಲ."

"ಟರ್ಬೊ ಅಕ್ಕ. ಕಾಲು ಒತ್ತಿದ್ರೆ ಹಿಂದಿನಿಂದ ಯಾರೋ ದೂಡಿದ ಹಾಗಾಗುತ್ತೆ."

"ಒತ್ತು, ನೋಡೋಣ."

"ಬೇಡ ಅಕ್ಕ, ನಿನಗೆ..."

"ಒತ್ತೋ ಅಂದ್ರೆ!"

ಒತ್ತಿದ. ಒಂದು ಗಳಿಗೆ ಏನೂ ಆಗಲಿಲ್ಲ. ಅಕ್ಕ ಇಷ್ಟೇನಾ ಎನ್ನಲು ಬಾಯಿ ತೆರೆದಳು. ಆಗ ಕಾರು ಕಪ್ಪು ಹೊಗೆಯನ್ನು ಹಿಂದಕ್ಕೆ ಉಗುಳಿ, ಸೀಳಿಕೊಂಡು ಏರನ್ನು ಹತ್ತಿತು. ದಿಂಬುಗಳ ನಡುವೆ ಅವಳ ಬೆನ್ನು ಸೀಟಿಗೆ ಒತ್ತಿತು, ಬಿಳಿ ಕೂದಲು ಹಿಂದಕ್ಕೆ ಹಾರಿತು. ಅವಳು "ಆಹಾಹಾ!" ಎಂದು ಕೂಗಿದಳು, ಆ ಪುಟ್ಟ ಎದೆಯಿಂದ ಅಷ್ಟು ದೊಡ್ಡ ದನಿ ಎಲ್ಲಿಂದ ಬಂತೋ. ಏರಿನ ನೆತ್ತಿ ದಾಟಿ ಸಮತಟ್ಟಿಗೆ ಬರುವಷ್ಟರಲ್ಲಿ ಬಾನೆಟ್ಟಿನ ಕೆಳಗೆ ಢಮಾರ್ ಎಂದಿತು. ಟರ್ಬೊದ ಪೈಪು ಕಿತ್ತುಕೊಂಡಿತ್ತು. ಕಾರು ಒಮ್ಮೆ ನಡುಗಿ, ಗೊರಗೊರ ಎಂದು, ನಿಂತಿತು.

ಆ ಸದ್ದಿಗೆ ಇಡೀ ಬೀದಿ ಬಾಗಿಲು ತೆರೆದು ಓಡಿ ಬಂತು. ಎಲ್ಲರಿಗಿಂತ ಮುಂದೆ ಮೇಸ್ತ್ರಿ.

"ಹೋಯ್ತಾ?" ಎಂದ ಏದುಸಿರು ಬಿಡುತ್ತ.

ನಕ್ಷೆಗಾರ ಬಾನೆಟ್ಟು ಎತ್ತಿ ನೋಡುತ್ತಿದ್ದ. "ಹೋಯ್ತು" ಎಂದ ದುಃಖದಿಂದ. "ಇನ್ನೇನೂ ಮಾಡೋಕಾಗಲ್ಲ."

ಪಕ್ಕದ ಮನೆಯವಳು ಎದೆ ಬಡಿದುಕೊಂಡು ಅಳಲು ಶುರು ಮಾಡಿದಳು. ಅಕ್ಕನ ಮಗ ರಸ್ತೆಯ ಮೇಲೇ ಕುಸಿದು ಕೂತ. ಆಗ ಕಿಟಕಿಯಿಂದ ದನಿ ಬಂತು:

"ಹೋಗಿದ್ದು ನಾನಲ್ಲ ಕಣ್ರೋ, ಪೈಪು! ನಿಲ್ಲಿಸೇ ಅಳೋದನ್ನ."

ಅಳು ನಿಂತಿತು. ಕೆಲವರಿಗೆ ಸ್ವಲ್ಪ ಬೇಸರವೂ ಆದಂತೆ ಕಂಡಿತು. ಮಗ ಅವಳನ್ನು ಎತ್ತಿಕೊಂಡು ಹೋಗಲು ಬಂದರೆ ಅವಳು ಸೀಟು ಬಿಡಲಿಲ್ಲ. "ನಾನು ಕಾರಲ್ಲಿ ಬಂದೋಳು, ಕಾರಲ್ಲೇ ಹೋಗೋಳು. ಇಷ್ಟು ಜನ ಇದೀರಲ್ಲ, ತಳ್ಳಿ."

ಜನ ಮುಖ ಮುಖ ನೋಡಿಕೊಂಡರು. ಸಾಯುತ್ತಿರುವವಳ ಮಾತು ಮೀರುವುದು ಹೇಗೆ? ಮುಟ್ಟಲು ಹೆದರುತ್ತಿದ್ದ ಆ ಕಾರಿಗೆ ಮೊದಲು ಮೇಸ್ತ್ರಿ ಕೈ ಕೊಟ್ಟ, ಆಮೇಲೆ ಎಲ್ಲರೂ ಕೊಟ್ಟರು. ಕಾರನ್ನು ತಿರುಗಿಸಿ ಊರ ಕಡೆ ಮುಖ ಮಾಡಿಸಿದರು. ಸ್ಟಿಯರಿಂಗ್ ಹಿಡಿದಿದ್ದ ನಕ್ಷೆಗಾರನನ್ನು ಅಕ್ಕ ಪಕ್ಕದಿಂದ ನೋಡಿದಳು.

"ಎಲ್ಲರೂ ತಳ್ತಿದಾರೆ, ನೀನು ರಾಜನ ಹಾಗೆ ಕೂತಿದೀಯಲ್ಲೋ! ಇಳಿದು ನೀನೂ ತಳ್ಳು."

"ಸ್ಟಿಯರಿಂಗ್ ಯಾರು ಹಿಡೀತಾರೆ ಅಕ್ಕ?"

"ನಾನಿಲ್ವಾ?"

ಅವನು ಬ್ರೇಕು, ಇಂಜಿನ್ ನಿಂತರೆ ಸ್ಟಿಯರಿಂಗ್ ಕಲ್ಲಾಗುವುದು, ಎಲ್ಲವನ್ನೂ ಹೇಳಲು ಹೊರಟ. ಅವಳ ಮುಖ ನೋಡಿ ಹೇಳಲಿಲ್ಲ. ಅವಳನ್ನು ಎತ್ತಿ, ದಿಂಬುಗಳ ಸಮೇತ, ಈ ಕಡೆಯ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಮಗನ ಕೈಗೆ ಹ್ಯಾಂಡ್‌ಬ್ರೇಕು ಹಿಡಿಸಿ, ತಾನು ಹಿಂದೆ ಹೋಗಿ ಹೆಗಲು ಕೊಟ್ಟ. ಹಿಂದಿನ ಗಾಜಿನಲ್ಲಿ ಸೀಟಿನ ಮೇಲಕ್ಕೆ ಅಕ್ಕನ ನೆತ್ತಿ ಮಾತ್ರ ಕಾಣುತ್ತಿತ್ತು. ನೆತ್ತಿ ಕದಲಲಿಲ್ಲ, ಅವಳು ಮುಂದೆ ನೋಡುತ್ತಿದ್ದಳು. ಇಡೀ ಬೀದಿ ಐಸಾ ಎನ್ನುತ್ತ ತಳ್ಳಿತು.

ಕವಲು ಬಂತು. ಬಲಕ್ಕೆ ಇಳಿಜಾರು, ಮನೆ. ಎಡಕ್ಕೆ ಕೆರೆ ದಂಡೆಯ ರಸ್ತೆ, ಸುತ್ತು ದಾರಿ, ಏರು. ಅಕ್ಕ ಎರಡೂ ಕೈಯಲ್ಲಿ ಸ್ಟಿಯರಿಂಗಿಗೆ ಜೋತುಬಿದ್ದು ಎಡಕ್ಕೆ ತಿರುಗಿಸಿದಳು.

"ಅಮ್ಮಾ, ಬಲಕ್ಕೆ! ಬಲಕ್ಕೆ!" ಎಂದು ಜನ ಹಿಂದಿನಿಂದ ಕೂಗಿದರು.

"ಗೊತ್ತು, ತಳ್ಳಿ!" ಎಂದಿತು ನೆತ್ತಿ.

ತಳ್ಳಿದರು. ಕೆರೆಯ ಮೇಲೆ ಬೂದು ಮೋಡ ಬಗ್ಗಿತ್ತು, ನೀರಿನಲ್ಲಿ ಬೆಳಕೇ ಇರಲಿಲ್ಲ, ಗಾಳಿ ಮೂಳೆ ಕೊರೆಯುವಂತಿತ್ತು. ಅವಳು ಆ ರಸ್ತೆಯ ಕೊನೆಯ ತನಕ ಹೋಗಿ, ನಿಧಾನವಾಗಿ, ಎಲ್ಲವನ್ನೂ ನೋಡಿಕೊಂಡು ಮನೆಗೆ ಬಂದಳು.

ಅಕ್ಕ ಆ ಚಳಿಗಾಲ ದಾಟಲಿಲ್ಲ. ಕಾರೇ ಕೊಂದಿತು ಎಂದು ನೆಂಟರು ಸಹಜವಾಗಿಯೇ ಹೇಳಿದರು. ಆ ಕಾರು ಆಗಲೇ ಗುಜರಿಗೆ ಹೋಗಿತ್ತು. ನಕ್ಷೆಗಾರ ಹೆಂಡತಿಯ ಜೊತೆ ಬಸ್ಸಿನಲ್ಲಿ ಬಂದು, ಜಗುಲಿಯ ಮೇಲೆ ಗೋಡೆಗೊರಗಿ ಕೂತ. ಅಳು ಬರುತ್ತಿತ್ತು, ಬರುತ್ತಲೇ ಇತ್ತು. ನಿಲ್ಲಿಸುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಯಾರೂ ಹತ್ತಿರ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಮೇಸ್ತ್ರಿ ಬಂದು, ಸೊಂಟ ಹಿಡಿದುಕೊಂಡು, ನರಳುತ್ತ ಪಕ್ಕದಲ್ಲಿ ಕೂತ.

ಕೂತವನು ಕವಲಿನ ಕಡೆ ಕೈ ತೋರಿಸಿದ.

"ಅವತ್ತು ಬಲಕ್ಕೆ ತಿರುಗಿಸಿದ್ರೆ ಇಳಿಜಾರು ಸ್ವಾಮಿ," ಎಂದ ಮೇಸ್ತ್ರಿ. "ತಾನಾಗೇ ಉರುಳಿಕೊಂಡು ಬರ್ತಿತ್ತು ಗಾಡಿ. ನಿಮ್ಮಕ್ಕ ಎಡಕ್ಕೆ ತಿರುಗಿಸಿದ್ರಲ್ಲ, ನನ್ನ ಸೊಂಟ ಇವತ್ತಿಗೂ ನೆಟ್ಟಗಾಗಿಲ್ಲ ನೋಡಿ."

"ನನ್ನ ಹೆಗಲೂ ಅಷ್ಟೇ" ಎಂದ ನಕ್ಷೆಗಾರ.

"ಬೇಕು ಅಂತಲೇ ತಿರುಗಿಸಿದ್ರು."

"ಹೌದು," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಬೇಕು ಅಂತಲೇ."